ಬಾಟಲಿ ಒಳಗೆ ಏನಿದೆ ಅಂತ ಕನ್ನಡದಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಕೋಲಾರದಲ್ಲಿ 18 ವರ್ಷದಿಂದ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಅಕ್ಕಿ, ಬೇಳೆ, ಎಣ್ಣೆ ಜೊತೆಗೆ ಸೋಪಿನ ಪುಡಿ, ಫಿನಾಯಿಲ್, ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಆಸಿಡ್ ಎಲ್ಲಾ ಮಾರುತ್ತೇನೆ. ಹಬ್ಬ ಹತ್ತಿರ ಬಂತು ಅಂದರೆ ಈ ತೊಳೆಯುವ ಸಾಮಾನಿನ ಶೆಲ್ಫ್ ಎರಡೇ ದಿನಕ್ಕೆ ಖಾಲಿಯಾಗುತ್ತದೆ. ಆ ಶೆಲ್ಫಿನ ಬಗ್ಗೆಯೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಹಾಕಿ.

ಹೋದ ವರ್ಷ ಯುಗಾದಿಗೆ ಇನ್ನು ನಾಲ್ಕು ದಿನ ಇತ್ತು. ನನ್ನ ಹೆಂಡತಿ ಬೆಳಿಗ್ಗೆ ತಿಂಡಿ ಮುಗಿಸಿ ಬಾತ್‌ರೂಮ್ ತೊಳೆಯಲು ಹೋದಳು. ನಮ್ಮದು ಬೋರ್‌ವೆಲ್ ನೀರು. ಕೋಲಾರದ ಬೋರ್ ನೀರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಸಾವಿರ ಅಡಿ ಕೆಳಗಿಂದ ಬರುವ ಗಡಸು ನೀರು, ಬಕೆಟ್ಟು, ನಲ್ಲಿ, ಟೈಲ್ಸು, ಸೋಲಾರ್ ಪೈಪು ಎಲ್ಲಕ್ಕೂ ಬಿಳೀ ಉಪ್ಪು ಕಟ್ಟಿಸುತ್ತದೆ. ಅವಳು ಮೊದಲು ಒದ್ದೆ ನೆಲಕ್ಕೆ ಬ್ಲೀಚಿಂಗ್ ಪೌಡರ್ ಎರಚಿ ಬ್ರಷ್ಷಿನಲ್ಲಿ ಉಜ್ಜಿದಳು. ಪಾಚಿ ಹೋಯಿತು, ಉಪ್ಪಿನ ಕಲೆ ಹೋಗಲಿಲ್ಲ. ಆ ಪುಡಿ ಇನ್ನೂ ನೆಲದ ಮೇಲೆ ಇದ್ದ ಹಾಗೇ ಆಸಿಡ್ ಸುರಿದಳು. ಬೇಗ ಕೆಲಸ ಮುಗಿಯಲಿ ಅಂತ, ಅಷ್ಟೇ. ನೂರಾರು ಮನೆಯಲ್ಲಿ ಇದನ್ನೇ ಮಾಡುತ್ತಾರೆ.

ನೆಲ ಬುಸುಗುಟ್ಟಿತಂತೆ. ಹಳದಿ ಹಸಿರು ಹೊಗೆ ತರಹ ಎದ್ದಿತಂತೆ. ಹಿಂದಿನ ಕೋಣೆಯಲ್ಲಿದ್ದ ನಮ್ಮಮ್ಮನಿಗೆ ಮೊದಲು ಕೇಳಿಸಿದ್ದು ಕೆಮ್ಮು, ಆಮೇಲೆ ಬಕೆಟ್ ಉರುಳಿದ ಸದ್ದು. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿ ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ನಾನು ಅಂಗಡಿಯಿಂದ ಓಡಿ ಬರುವ ಹೊತ್ತಿಗೆ ಅವಳು ಹಿತ್ತಲಿನ ತುಳಸಿ ಕಟ್ಟೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಗೆ, ಉಸಿರು ಎಳೆದರೆ ಎದೆಯಲ್ಲಿ ಸಿಳ್ಳೆ. ಮಾತು ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ. 'ಏನು ಹಾಕಿ ತೊಳೀತಿದ್ರು? ಬಾಟಲಿ ತಂದಿದೀರಾ?' ತಂದಿದ್ದೆ. ಅದು ಒಂದೂವರೆ ಲೀಟರಿನ ಹಳೇ ಕೂಲ್ ಡ್ರಿಂಕ್ಸ್ ಬಾಟಲಿ. ಅದರ ಮೇಲೆ ಒಂದು ಅಕ್ಷರ ಇರಲಿಲ್ಲ. ಆ ಬಾಟಲಿಗೆ ಕ್ಯಾನಿನಿಂದ ಆಸಿಡ್ ತುಂಬಿ ಮನೆಗೆ ಕೊಟ್ಟವನು ನಾನೇ. ಮಾರಿದವನೂ ನಾನೇ, ಗಂಡನೂ ನಾನೇ, ಆದರೂ ಅದರಲ್ಲಿ ಏನಿದೆ, ಎಷ್ಟು ಸ್ಟ್ರಾಂಗ್ ಇದೆ ಅಂತ ಡಾಕ್ಟರಿಗೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕ್ಸಿಜನ್ ಕೊಟ್ಟು, ನೆಬುಲೈಸರ್ ಹಾಕಿ, ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು. ಈ ಗ್ಯಾಸು ಒಳಗೆ ಹೋದರೆ ಕೆಲವು ಗಂಟೆ ಆದ ಮೇಲೂ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಆರಾಮಾಗಿದ್ದಾರೆ ಅಂತ ತಕ್ಷಣ ಮನೆಗೆ ಕಳಿಸೋಕಾಗಲ್ಲ ಅಂದರು. ದೇವರ ದಯೆ, ಈಗ ಚೆನ್ನಾಗಿದ್ದಾಳೆ. ಆದರೆ ಊದಿನಕಡ್ಡಿ ಹೊಗೆಗೂ ಈಗ ಕೆಮ್ಮುತ್ತಾಳೆ, ಮೊದಲು ಹಾಗಿರಲಿಲ್ಲ.

ಅವತ್ತಿಂದ ನನ್ನ ಅಂಗಡಿಯ ಒಂದೊಂದು ಬಾಟಲಿಯನ್ನೂ ತಿರುಗಿಸಿ ನೋಡಲು ಶುರು ಮಾಡಿದೆ. ಗೊತ್ತಿದ್ದವರನ್ನು ಕೇಳಿದೆ. ನಮ್ಮ ಬೀದಿಯಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ, ಅವರ ಮನೆ ಜಗಲಿಯಲ್ಲಿ ಎಷ್ಟೋ ಸಂಜೆ ಕೂತಿದ್ದೇನೆ. ತಿಳಿದುಕೊಂಡಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ಬಹುಪಾಲು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಕಂಪನಿ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ. 10ರ ಆಸುಪಾಸು ಇರುತ್ತದೆ. ಕ್ಯಾನಿನಲ್ಲಿ ಬರುವ ಲೂಸ್ ಆಸಿಡ್ ಶೇ. 30ರವರೆಗೂ ಇರಬಹುದು, ಯಾರು ಎಷ್ಟು ನೀರು ಬೆರೆಸಿದ್ದಾರೋ ಅದರ ಮೇಲೆ. ಬ್ಲೀಚಿಂಗ್ ಪೌಡರ್‌ನಲ್ಲಿ ಇರುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಬಟ್ಟೆ ಬಿಳಿ ಮಾಡುವ ಲಿಕ್ವಿಡ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್. ಎರಡಕ್ಕೂ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಆಗಿ ಹೊರಗೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟಿದ್ದು ಇದೇ ಗ್ಯಾಸನ್ನು. ಅದನ್ನು ನನ್ನ ಹೆಂಡತಿ ಕಿಟಕಿ ಮುಚ್ಚಿದ ಐದಡಿ ಬಾತ್‌ರೂಮಿನಲ್ಲಿ ಗೊತ್ತಿಲ್ಲದೆ ತಯಾರು ಮಾಡಿದಳು.

ಮೇಷ್ಟ್ರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಹಾಗಾಗಿ ಅದು ಮೇಲೆ ಹೋಗುವುದಿಲ್ಲ, ನೆಲದ ಹತ್ತಿರವೇ ನಿಲ್ಲುತ್ತದೆ. ನಿಂತುಕೊಂಡು ಮಾಪ್ ಹಿಡಿದವರಿಗಿಂತ ಕುಕ್ಕರುಗಾಲಲ್ಲಿ ಕೂತು ಬ್ರಷ್ಷಿನಲ್ಲಿ ಉಜ್ಜುವವರ ಮುಖಕ್ಕೆ ಅದು ಜಾಸ್ತಿ ಹೊಡೆಯುತ್ತದೆ. ನಮ್ಮಲ್ಲಿ ಹಾಗೆ ಕೂತು ಉಜ್ಜುವವರು ಯಾರು ಹೇಳಿ? ಮನೆಯ ಹೆಂಗಸರು, ಮನೆಕೆಲಸಕ್ಕೆ ಬರುವವರು, ಹೋಟೆಲು, ಛತ್ರದ ಟಾಯ್ಲೆಟ್ ತೊಳೆಯುವವರು. ಬಾಟಲಿ ಹಿಂದಿನ ಸಣ್ಣ ಅಕ್ಷರದ ಇಂಗ್ಲಿಷ್ ಓದಲು ಆಗದವರೇ ಇವರಲ್ಲಿ ಜಾಸ್ತಿ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ಕೆಮಿಕಲ್ ಅಂದರೆ ವಿಷ ಅನ್ನುವವನಲ್ಲ. ಬ್ಲೀಚಿಂಗ್ ಪೌಡರ್ ಇಲ್ಲದಿದ್ದರೆ ಟ್ಯಾಂಕರ್ ನೀರು, ಸಂಪಿನ ನೀರು ಕುಡಿದು ನಮ್ಮೂರಲ್ಲಿ ಎಷ್ಟು ಜನ ವಾಂತಿ ಭೇದಿ ಅಂತ ಮಲಗುತ್ತಿದ್ದರೋ. ಅಜ್ಜಿ ಪಾತ್ರೆ ಉಜ್ಜುತ್ತಿದ್ದ ಒಲೆ ಬೂದಿಯೂ ಕೆಮಿಕಲ್ಲೇ, ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಹಿತ್ತಾಳೆ ಬಿಂದಿಗೆ ಬೆಳಗುವ ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಸಿಡ್ ಇದೆ. ಅಂಟುವಾಳ, ಸೀಗೆಕಾಯಿ ನೊರೆ ಕೊಡುವುದು ಅದರಲ್ಲಿರುವ ಸಪೋನಿನ್‌ನಿಂದ. 'ನ್ಯಾಚುರಲ್' ಅಂತ ಹಸಿರು ಎಲೆ ಚಿತ್ರ ಹಾಕಿದ ಬಾಟಲಿ ತೊಗೊಂಡರೆ ಸೇಫು ಅಂತ ಸುಮ್ನೆ ನಂಬಬೇಡಿ. ನಿಂಬೆರಸ, ವಿನೆಗರ್ ಕೂಡ ಆಸಿಡ್ಡೇ. ಅದನ್ನೂ ಬ್ಲೀಚಿಂಗ್ ಜೊತೆ ಬೆರೆಸಿದರೆ ಕ್ಲೋರಿನ್ ಬರುತ್ತದೆ. ಯಾವ ಬಾಟಲಿಯಲ್ಲಿ ಏನಿದೆ, ಯಾವುದನ್ನು ಯಾವುದರ ಜೊತೆ ಸೇರಿಸಬಾರದು ಅನ್ನುವುದು ಗೊತ್ತಿದ್ದರೆ ಸಾಕು. ಅದು ಗೊತ್ತಾಗುವುದಕ್ಕೇ ದಾರಿ ಇಲ್ಲ ಅನ್ನುವುದು ನನ್ನ ಸಂಕಟ.

ನಂಬಿಕೆ ಬರದಿದ್ದರೆ ಇವತ್ತೇ ಮನೆಯಲ್ಲಿ ನೋಡಿ. 5 ರೂಪಾಯಿಯ ಬಿಸ್ಕತ್ ಪ್ಯಾಕೆಟ್ ತಿರುಗಿಸಿ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಯಾವ ನಂಬರಿನ ಬಣ್ಣ ಎಲ್ಲಾ ಬರೆದಿರುತ್ತದೆ, ಯಾಕೆಂದರೆ ತಿನ್ನುವ ಪದಾರ್ಥಕ್ಕೆ ಹಾಗಂತ ಕಾನೂನು ಇದೆ. ಶಾಂಪೂ ಬಾಟಲಿ ತಿರುಗಿಸಿ. ಅದರಲ್ಲೂ ಪಟ್ಟಿ ಇದೆ, ಯಾಕೆಂದರೆ ಸೌಂದರ್ಯ ಸಾಮಗ್ರಿಗೂ ಹಾಗಂತ ನಿಯಮ ಇದೆ. ಡೆಟಾಲ್ ಬಾಟಲಿಯಲ್ಲಿ ಕ್ಲೋರೋಕ್ಸಿಲೆನಾಲ್ ಶೇ. 4.8 ಅಂತ ಕರೆಕ್ಟಾಗಿ ಹಾಕಿರುತ್ತಾರೆ, ಅದು ಔಷಧಿ ಲೆಕ್ಕದಲ್ಲಿ ಬರುತ್ತದೆ. ಈಗ ನೆಲ ಒರೆಸುವ ಲಿಕ್ವಿಡ್, ಪಾತ್ರೆ ಸೋಪು, ಸೋಪಿನ ಪುಡಿ ತಿರುಗಿಸಿ. ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ಕಂಪನಿ ವಿಳಾಸ ಇರುತ್ತದೆ. ಒಳಗೆ ಏನೇನಿದೆ ಅಂತ ಪೂರ್ತಿ ಪಟ್ಟಿ ಸಿಗುವುದು ಅಪರೂಪ. ಕೆಲವರು ಮುಖ್ಯವಾದ ಒಂದು ಹೆಸರು ಹಾಕುತ್ತಾರೆ, ಉಳಿದಿದ್ದೆಲ್ಲ ಪರ್ಫ್ಯೂಮ್, ಕಲರ್ ಅಂತ ಮುಗಿಸುತ್ತಾರೆ. ಪ್ಯಾಕೆಟ್ ಸಾಮಾನಿಗೆ ಇರುವ 2011ರ ತೂಕ ಅಳತೆ ನಿಯಮದಲ್ಲಿ ಬೆಲೆ, ತೂಕ, ವಿಳಾಸ ಕಡ್ಡಾಯ, ಅದನ್ನೂ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಹಾಕಿದರೆ ಸಾಕು. ಕನ್ನಡ ಹಾಕಿದರೆ ಅವರ ಇಷ್ಟ.

ಹೊರದೇಶದಲ್ಲಿ ಹೀಗಿಲ್ಲ ಅಂತ ಮೇಷ್ಟ್ರು ತೋರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲೇ ಇದಕ್ಕೆಂದು ಕಾನೂನು ಮಾಡಿದ್ದಾರೆ, ತೊಳೆಯುವ ಸಾಮಾನಿನ ಒಳಗಿರುವುದನ್ನು ಲೇಬಲ್ ಮೇಲೂ ವೆಬ್‌ಸೈಟ್‌ನಲ್ಲೂ ಹೇಳಬೇಕು. ಯೂರೋಪಿನಲ್ಲಿ 2004ರಲ್ಲೇ ನಿಯಮ ಮಾಡಿದ್ದಾರೆ. ಅಲ್ಲೂ ಇಲ್ಲೂ ವ್ಯಾಪಾರ ಮಾಡುವ ಕಂಪನಿಗಳಿವೆ. ಅಲ್ಲಿಯ ಜನರಿಗೆ ಹೇಳುವುದನ್ನು ನಮಗೆ ಹೇಳಲು ಏನು ಕಷ್ಟ?

ಲೂಸ್ ಸಾಮಾನಿನ ಕಥೆ ಇನ್ನೂ ಬೇರೆ. ಫಿನಾಯಿಲ್‌ನಲ್ಲಿ ಕರೀದು, ಬಿಳೀದು ಅಂತ ಎರಡಿವೆ. ಕರೀ ಫಿನಾಯಿಲ್ ಕಲ್ಲಿದ್ದಲ ಟಾರಿನಿಂದ ಬಂದ ಫೀನಾಲ್ ಜಾತಿಯ ರಾಸಾಯನಿಕ. ಬಿಳೀದು ಪೈನ್ ಎಣ್ಣೆಯನ್ನು ಸೋಪಿನಂಥ ಪದಾರ್ಥದ ಜೊತೆ ನೀರಿನಲ್ಲಿ ಕದಡಿದ್ದು, ಎಣ್ಣೆಯ ಸಣ್ಣ ಹನಿಗಳು ತೇಲುವುದರಿಂದ ಹಾಲಿನ ಬಣ್ಣ ಬರುತ್ತದೆ. ಗಿರಾಕಿಗಳು ನೀರಿಗೆ ನಾಲ್ಕು ಹನಿ ಬಿಟ್ಟು ನೋಡಿ, ಬೆಳ್ಳಗಾದರೆ ಒಳ್ಳೆ ಮಾಲು ಅನ್ನುತ್ತಾರೆ. ಬಿಳುಪಿಗೂ ಕ್ರಿಮಿ ಸಾಯುವುದಕ್ಕೂ ಸಂಬಂಧ ಇಲ್ಲ. ಇದನ್ನು ನೀರಿನ ಬಾಟಲಿಗೆ ತುಂಬಿ ಅಡುಗೆಮನೆ ಮೂಲೆಯಲ್ಲಿ ಇಟ್ಟರೆ ಥೇಟ್ ಮಜ್ಜಿಗೆ ತರಹ ಕಾಣುತ್ತದೆ. ಬಿಸಿಲಲ್ಲಿ ಆಡಿ ಬಂದ ಮಗು ಬಾಯಿಗಿಟ್ಟರೆ? ನೆನೆಸಿಕೊಂಡರೆ ಕೈ ನಡುಗುತ್ತದೆ. ನಾನು ಹಾಗೆ ಎಷ್ಟು ಬಾಟಲಿ ತುಂಬಿ ಕೊಟ್ಟಿದ್ದೇನೋ ಲೆಕ್ಕ ಇಲ್ಲ.

ಆಸಿಡ್ಡಿಗಂತೂ ಕಾನೂನು ಇದೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆಸಿಡ್ ಮಾರುವವರು ರಿಜಿಸ್ಟರ್ ಇಡಬೇಕು, ತೊಗೊಳ್ಳುವವರ ವಿಳಾಸ ಬರೆಯಬೇಕು, ಫೋಟೊ ಇರುವ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಕೇಳಬೇಕು, 18 ವರ್ಷದ ಒಳಗಿನವರಿಗೆ ಕೊಡಬಾರದು, ತಪ್ಪಿದರೆ 50 ಸಾವಿರದವರೆಗೆ ದಂಡ. ಹೆಣ್ಣುಮಕ್ಕಳ ಮೇಲೆ ಆಸಿಡ್ ಎರಚುವುದನ್ನು ತಡೆಯಲು ಬಂದ ಆದೇಶ ಅದು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಇದು ತಿಳಿದಿದ್ದು ನನ್ನ ಮನೆಯಲ್ಲಿ ಅನಾಹುತ ಆದ ಮೇಲೆ. ಅಲ್ಲಿಯವರೆಗೆ ಸ್ಕೂಲ್ ಯೂನಿಫಾರ್ಮಿನಲ್ಲಿ ಬಂದು 'ಅಂಕಲ್, ಅಮ್ಮ ಆಸಿಡ್ ಕೊಡಬೇಕಂತೆ' ಅಂದ ಮಗುವಿಗೂ ಕೊಟ್ಟು ಕಳಿಸಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ, ಒಬ್ಬ ಅಧಿಕಾರಿಯೂ ಬಂದು ಶೆಲ್ಫ್ ನೋಡಲಿಲ್ಲ. ಅದನ್ನು ನೆಪ ಮಾಡಿಕೊಳ್ಳುತ್ತಿಲ್ಲ, ತಪ್ಪು ನನ್ನದೇ.

ಇನ್ನು ಡಾಂಬರ್ ಗುಳಿಗೆ. ಬಟ್ಟೆ ಪೆಟ್ಟಿಗೆಯಲ್ಲಿ, ಸಿಂಕಿನಲ್ಲಿ ಹಾಕುವ ಬಿಳೀ ಗುಳಿಗೆ, ಕೆಲವರು ನುಸಿಗುಳಿಗೆ ಅನ್ನುತ್ತಾರೆ. ಅದು ನಾಫ್ತಲೀನ್, ಇಲ್ಲವೇ ಪ್ಯಾರಾ ಡೈಕ್ಲೋರೋಬೆಂಜೀನ್. ನಮ್ಮ ಕಡೆ ಬಾಣಂತಿ ಮನೆಗೆ ಹಳೇ ಮೆತ್ತನೆ ಸೀರೆ, ದೊಡ್ಡ ಮಗುವಿನ ಅಂಗಿ ಎಲ್ಲಾ ಟ್ರಂಕಿನಿಂದ ತೆಗೆದು ಹಸುಗೂಸಿಗೆ ಸುತ್ತುತ್ತಾರೆ ಅಲ್ವಾ? ಆ ಬಟ್ಟೆಗೆ ಗುಳಿಗೆಯ ಘಾಟು ಹತ್ತಿರುತ್ತದೆ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಒಂದು ಕಿಣ್ವ ಕಡಿಮೆ ಇರುತ್ತದೆ. ಅಂಥ ಕೂಸಿಗೆ ನಾಫ್ತಲೀನ್ ಆವಿ ತಾಗಿದರೆ ಕೆಂಪು ರಕ್ತಕಣಗಳು ಒಡೆದು ಜೋರು ಕಾಮಾಲೆ ಬರಬಹುದು. ಬಟ್ಟೆಯನ್ನು ಒಗೆದು, ಒಳ್ಳೆ ಬಿಸಿಲಲ್ಲಿ ಒಣಗಿಸಿ, ಘಾಟು ಪೂರ್ತಿ ಹೋದ ಮೇಲೆ ಬಳಸಿ, ಆಗದಿದ್ದರೆ ಆ ಬಟ್ಟೆ ಬಿಟ್ಟೇಬಿಡಿ. ಇದನ್ನು ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಿದರೆ ಅಜ್ಜಿಯರೇ ಓದಿ ಎಚ್ಚರ ಆಗುತ್ತಾರೆ.

ಕಟ್ಟಿಕೊಂಡ ಪೈಪ್ ಬಿಡಿಸುವ ಪುಡಿಯಲ್ಲಿ ಕಾಸ್ಟಿಕ್ ಸೋಡ ಇರುತ್ತದೆ, ನೀರು ಬಿದ್ದ ಕೂಡಲೇ ಕುದಿಯುವಷ್ಟು ಬಿಸಿಯಾಗುತ್ತದೆ, ಹಾಕಿದ ಮೇಲೆ ಬಗ್ಗಿ ನೋಡಬಾರದು. ಗಾಜು ಒರೆಸುವ ಕೆಲವು ಲಿಕ್ವಿಡ್‌ನಲ್ಲಿ ಅಮೋನಿಯಾ ಇರುತ್ತದೆ, ಅದಕ್ಕೂ ಬ್ಲೀಚಿಂಗ್‌ಗೂ ಆಗಿ ಬರುವುದಿಲ್ಲ, ಅದರಿಂದ ಹೊರಡುವ ಕ್ಲೋರಮೈನ್ ಕೂಡ ಉಸಿರು ಕಟ್ಟಿಸುತ್ತದೆ.

ಸೋಪಿನ ಪುಡಿ ವಿಷಯ ನಮ್ಮ ಜಿಲ್ಲೆಯವರಿಗೆ ಬೇರೆ ರೀತಿಯಲ್ಲೂ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ನೀರು ಬಂತಲ್ಲ ಅಂತ ಜನ ಖುಷಿಪಟ್ಟು ನೋಡಲು ಹೋದರೆ, ಕೆಲವೇ ವಾರದಲ್ಲಿ ನೊರೆ ಕಾಣಿಸಿತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಆ ನೀರಿನಿಂದ ಕೆರೆಗಳು ತುಂಬಿವೆ, ಬತ್ತಿದ ಬೋರ್‌ಗಳಲ್ಲಿ ನೀರು ಬಂದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೊರೆ ಎಲ್ಲಿಂದ ಬರುತ್ತದೆ? ಬೆಳ್ಳಂದೂರು, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದ ಫೋಟೊ ನಾವೆಲ್ಲ ನೋಡಿದ್ದೇವೆ. ಬಟ್ಟೆ ಒಗೆದ, ಪಾತ್ರೆ ತೊಳೆದ ನೀರಿನಲ್ಲಿರುವ ಡಿಟರ್ಜೆಂಟ್‌ಗೆ ಅದರಲ್ಲಿ ದೊಡ್ಡ ಪಾಲಿದೆ. ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಕೆರೆಯ ಪಾಚಿಗೆ, ಕಳೆಗೆ ಗೊಬ್ಬರ ಹಾಕಿದ ಹಾಗೆ. ಯೂರೋಪಿನಲ್ಲಿ ಮನೆ ಬಳಕೆಯ ಬಟ್ಟೆ ಸೋಪಿನ ಫಾಸ್ಫೇಟಿಗೆ 2013ರಿಂದ ಕಡಿವಾಣ ಇದೆ. ನನ್ನ ಅಂಗಡಿಯ ಯಾವ ಪುಡಿಯಲ್ಲಿ ಫಾಸ್ಫೇಟ್ ಇದೆ, ಯಾವುದರಲ್ಲಿ ಇಲ್ಲ? ಪ್ಯಾಕೆಟ್ ನೋಡಿ ಹೇಳಲು ನನಗೆ ಆಗುವುದಿಲ್ಲ. ಜನ ಬಂದು 'ಜಾಸ್ತಿ ನೊರೆ ಬರೋದು ಕೊಡಿ' ಅನ್ನುತ್ತಾರೆ. ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಗುತ್ತದೆ ಅಂತಲ್ಲ. ನಮ್ಮ ಗಡಸು ನೀರಿಗೆ ನೊರೆ ಬರಲಿ ಅಂತ ಎರಡು ಹಿಡಿ ಹಾಕುವ ಕಡೆ ನಾಲ್ಕು ಹಿಡಿ ಹಾಕುತ್ತಾರೆ, ಕೈ ಒಡೆಯುತ್ತದೆ, ದುಡ್ಡೂ ಹೋಗುತ್ತದೆ.

ಈಗ ನಾನು ಲೂಸ್ ಆಸಿಡ್, ಲೂಸ್ ಫಿನಾಯಿಲ್ ಎರಡನ್ನೂ ನಿಲ್ಲಿಸಿದ್ದೇನೆ. ಮೊದಮೊದಲು ಗಿರಾಕಿಗಳು ಬೇಜಾರು ಮಾಡಿಕೊಂಡು ಮುಂದಿನ ಅಂಗಡಿಗೆ ಹೋದರು. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಕ್ಲೀನರ್ ಒಂದೇ ಶೆಲ್ಫಿನಲ್ಲಿ ಇಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ 'ಅಮ್ಮಾ, ಎರಡನ್ನೂ ಒಂದೇ ದಿನ ಹಾಕಬೇಡಿ, ಹಾಕಲೇಬೇಕು ಅಂದರೆ ಒಂದನ್ನು ಚೆನ್ನಾಗಿ ನೀರು ಹೊಯ್ದು ತೊಳೆದು, ಕಿಟಕಿ ತೆಗೆದು, ಆಮೇಲೆ ಇನ್ನೊಂದು' ಅಂತ ಹೇಳಿಯೇ ಕೊಡುತ್ತೇನೆ. ಉಪ್ಪಿನ ಕಲೆಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಬಿಸಿನೀರಿಗೆ ಹಾಕಿ ಬಟ್ಟೆ ನೆನೆಸಿ ಕಲೆ ಮೇಲೆ ಅರ್ಧ ಗಂಟೆ ಸುತ್ತಿಡಲು ಹೇಳುತ್ತೇನೆ. ನಮ್ಮ ಮನೆಯ ನಲ್ಲಿಗಳಿಗೆ ಈಗ ಅದೇ. ಆಸಿಡ್ಡಿನಷ್ಟು ಬೇಗ ಹೋಗುವುದಿಲ್ಲ, ಎರಡು ಮೂರು ಸಲ ಮಾಡಬೇಕು, ಆದರೆ ಹೋಗುತ್ತದೆ.

ಒಬ್ಬ ಅಂಗಡಿಯವನು ಬಾಯಲ್ಲಿ ಹೇಳಿದರೆ ಎಷ್ಟು ಜನಕ್ಕೆ ಮುಟ್ಟುತ್ತದೆ? ಅದಕ್ಕೇ ಕೇಳುತ್ತಿದ್ದೇನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022ರಲ್ಲಿ ನಮ್ಮ ರಾಜ್ಯದಲ್ಲಿ ತಯಾರಾಗುವ ಸಾಮಾನಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಅಂತ ಇದೆ. ಅದನ್ನು ಮೊದಲು ಈ ತೊಳೆಯುವ ಸಾಮಾನಿಗೆ ಜಾರಿ ಮಾಡಿ. ಹೊರ ರಾಜ್ಯದಿಂದ ಬರುವುದಕ್ಕೂ ಕೇಂದ್ರದವರ ಜೊತೆ ಮಾತಾಡಿ ನಿಯಮ ತನ್ನಿ. ಒಳಗಿರುವ ರಾಸಾಯನಿಕದ ಪೂರ್ತಿ ಪಟ್ಟಿ, ಯಾವುದರ ಜೊತೆ ಬೆರೆಸಬಾರದು ಅನ್ನುವ ಒಂದು ಸಾಲು, ದಪ್ಪ ಅಕ್ಷರದಲ್ಲಿ, ಬಾಟಲಿಯ ಮುಂಭಾಗದಲ್ಲೇ ಇರಲಿ. ನಮ್ಮ ಜಿಲ್ಲೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವವರೂ ಇದ್ದಾರೆ, ಯಾವ ಭಾಷೆಯೂ ಓದಲು ಬಾರದವರೂ ಇದ್ದಾರೆ, ಅವರಿಗಾಗಿ ಎರಡು ಬಾಟಲಿಯ ಮೇಲೆ ಅಡ್ಡಗೆರೆ ಹಾಕಿದ ಒಂದು ಚಿತ್ರ ಇರಲಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಅಂತ ಇದೆ, ಫೋನ್ 1800 116 117, ದುಡ್ಡು ಬೀಳುವುದಿಲ್ಲ. ಆ ನಂಬರೂ ಅಚ್ಚಾಗಲಿ. ಮಗು ಆಸಿಡ್ಡೋ ಫಿನಾಯಿಲ್ಲೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಬಾಟಲಿ ಸಮೇತ ಆಸ್ಪತ್ರೆಗೆ ಓಡಬೇಕು, 108ಕ್ಕೆ ಫೋನ್ ಮಾಡಬೇಕು ಅನ್ನುವುದೂ ಅದರ ಕೆಳಗೆ ಇರಲಿ.

ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಎಷ್ಟೋ ಊರಲ್ಲಿ ಫಿನಾಯಿಲ್, ಸೋಪಿನ ಪುಡಿ ಮಾಡಿ ಮಾರುತ್ತಾರೆ. ಅವರಿಗೆ ತರಬೇತಿ ಕೊಡುವವರು ಲೇಬಲ್ ಹೇಗೆ ಬರೆಯಬೇಕು ಅಂತಲೂ ಹೇಳಿಕೊಟ್ಟರೆ ಕನ್ನಡದ ಮೊದಲ ಒಳ್ಳೆ ಲೇಬಲ್ ಅವರಿಂದಲೇ ಬರಬಹುದು. ನನ್ನ ಅಂಗಡಿಯಲ್ಲಿ ಅದನ್ನು ಮುಂದಿನ ಸಾಲಿನಲ್ಲೇ ಇಡುತ್ತೇನೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ ಸಂಪಾದಕರೇ. ಹಬ್ಬದ ಹಿಂದಿನ ವಾರ ನಿಮ್ಮ ಪತ್ರಿಕೆಯಲ್ಲಿ ರಂಗೋಲಿ, ಒಬ್ಬಟ್ಟಿನ ಪುಟ ಬರುತ್ತದಲ್ಲ, ಅದೇ ಪುಟದಲ್ಲಿ ಒಂದು ಅಂಗೈ ಅಗಲದ ಚೌಕ ಹಾಕಿ: 'ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಬೇಡಿ.' ಈಗ ನಾನು ಹಾಲಿನ ಡಬ್ಬದ ರಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದು ಅಂಗಡಿ ಬಾಗಿಲಿಗೆ ತೂಗುಹಾಕಿದ್ದೇನೆ, ಮಳೆಗೆ ಅಕ್ಷರ ಅರ್ಧ ಅಳಿಸಿದೆ. ನಿಮ್ಮಲ್ಲಿ ಬಂದರೆ ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಆ ಜಾಗಕ್ಕೆ ಹಾಕುತ್ತೇನೆ.

ಇತಿ,
ದಿನಸಿ ಅಂಗಡಿಯವರು, ಕೋಲಾರ